ನೀರಿನ ಮೇಲೆ ಜಾರುವವರ ಹಗ್ಗ

ಹಗ್ಗವೆಂದರೆ ಏನೆಂಬುದು ನಮ್ಮ ಮನೆಗಳಲ್ಲಿ ಯಾರಿಗೆ ತಿಳಿಯದು? ಬಾವಿಯಿಂದ ನೀರು ಸೇದುವುದಕ್ಕೆ ಒಂದು, ತೊಟ್ಟಿಲು ಕಟ್ಟುವುದಕ್ಕೆ ಮತ್ತೊಂದು, ಹಸುವಿನ ಕೊರಳಿಗೆ ಇನ್ನೊಂದು, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಬಗೆಯ ಹಗ್ಗವನ್ನು ನಮ್ಮ ಹಿರಿಯರು ಆರಿಸಿಕೊಂಡಿದ್ದರು. ಸವೆದ ಸೇದುವ ಹಗ್ಗದಿಂದ ತೊಟ್ಟಿಲು ಕಟ್ಟುವ ತಾಯಿಯು ಎಲ್ಲಿಯೂ ಸಿಕ್ಕಲಾರಳು. ಹೀಗಿರುವಲ್ಲಿ, ಮನುಷ್ಯನೊಬ್ಬನನ್ನು ನೀರಿನ ಮೇಲೆ ಗಂಟೆಗೆ ೫೮ ಕಿಲೋಮೀಟರು ವೇಗದಿಂದ ಎಳೆದೊಯ್ಯುವ ಹಗ್ಗವು ಎಂತಹುದಾಗಿರಬೇಕು? ಅದನ್ನು ಹೇಗೆ ಮಾಡುವರು, ಹೇಗೆ ಆರಿಸಿಕೊಳ್ಳಬೇಕು ಎಂಬುದನ್ನು ಈ ತಿಂಗಳು ನಮ್ಮ ವಾಚಕರಿಗೆ ತಿಳಿಸಬೇಕೆಂದಿದ್ದೇವೆ.

ಈ ಆಟಕ್ಕೆ ವಾಟರ್ ಸ್ಕೀಯಿಂಗ್ ಎಂದು ಹೆಸರು. ಕಾಲಿಗೆ ಉದ್ದನೆಯ ಹಲಗೆಗಳನ್ನು ತೊಟ್ಟು, ಮೋಟಾರು ದೋಣಿಗೆ ಕಟ್ಟಿದ ಹಗ್ಗವನ್ನು ಹಿಡಿದು, ನೀರಿನ ಮೇಲೆ ನಿಂತು ಜಾರುವುದೇ ಈ ಆಟದ ತಿರುಳು. ಇದು ಹುಟ್ಟಿದ್ದು ಅಮೇರಿಕಾದ ಮಿನ್ನಿಸೋಟ ಪ್ರಾಂತದ ಪೆಪಿನ್ ಸರೋವರದಲ್ಲಿ. ೧೯೨೨ನೆಯ ಇಸವಿಯಲ್ಲಿ ರಾಲ್ಫ್ ಸ್ಯಾಮುಯೆಲ್ಸನ್ ಎಂಬ ಹದಿನೆಂಟು ವರ್ಷದ ತರುಣನು ಎರಡು ಪೈನ್ ಮರದ ಹಲಗೆಗಳನ್ನು ಕೊಂಡು, ಅವುಗಳ ತುದಿಗಳನ್ನು ತನ್ನ ತಾಯಿಯ ತಾಮ್ರದ ಪಾತ್ರೆಯಲ್ಲಿ ಕುದಿಸಿ, ಮೆತ್ತಗಾದ ಮೇಲೆ ಮೇಲ್ಮುಖವಾಗಿ ಬಗ್ಗಿಸಿದನು. ಎಳೆಯುವುದಕ್ಕೆ ಮನೆಬಳಕೆಯ ಸಾಧಾರಣ ಹಗ್ಗವೇ ಸಾಧನವಾಯಿತು. ಅನೇಕ ಸಲ ಮುಳುಗಿ ಮುಳುಗಿ ಎದ್ದು, ಕೊನೆಗೆ ಹಲಗೆಗಳ ತುದಿಯನ್ನು ನೀರಿನಿಂದ ಮೇಲಕ್ಕೆತ್ತಿ ಹಿಂದಕ್ಕೆ ವಾಲಿದರೆ ನಿಲ್ಲಬಹುದೆಂಬ ಗುಟ್ಟನ್ನು ಅವನು ಕಂಡುಕೊಂಡನು. ಅವನು ಅದಕ್ಕೆ ಪೇಟೆಂಟು ಪಡೆಯಲಿಲ್ಲ. ಮೊದಲಿಗನೆಂಬ ಮನ್ನಣೆಯು ದೊರೆತುದು ೧೯೬೬ರಲ್ಲಿ, ನಾಲ್ವತ್ತು ವರ್ಷಗಳಿಗೂ ಮೇಲ್ಪಟ್ಟು ಕಳೆದ ಬಳಿಕ.

ಈ ಆಟದಲ್ಲಿ ಹಗ್ಗದ ಮಹತ್ವವು ಪೂರ್ಣವಾಗಿ ಕಾಣುವುದು ಸ್ಲಾಲಮ್ ಎಂಬ ಸ್ಪರ್ಧೆಯಲ್ಲಿ. ನೀರಿನ ಮೇಲೆ ೨೫೯ ಮೀಟರು ಉದ್ದದ ಒಂದು ದಾರಿಯನ್ನು ತೇಲುಗುಂಡುಗಳಿಂದ ಗುರುತುಮಾಡಿರುವರು. ದೋಣಿಯು ನಟ್ಟನಡುವೆ ನೇರವಾಗಿ ಹೋಗುವುದು. ಆಟಗಾರನಾದರೋ ಒಂದೇ ಹಲಗೆಯ ಮೇಲೆ ನಿಂತು, ಎಡಕ್ಕೂ ಬಲಕ್ಕೂ ಓರೆಯಾಗಿ ಹಾಯುತ್ತ, ನಡುಗೆರೆಯಿಂದ ೧೧.೫ ಮೀಟರು ದೂರದಲ್ಲಿರುವ ಆರು ಗುಂಡುಗಳನ್ನು ಒಂದಾದಮೇಲೊಂದರಂತೆ ಹೊರಗಿನಿಂದ ಸುತ್ತಿ ಬರಬೇಕು. ಗಂಡಸರ ಸ್ಪರ್ಧೆಯ ಪರಮಾವಧಿ ವೇಗವಾದ ೫೮ ಕಿಲೋಮೀಟರಿನಲ್ಲಿ ಇಷ್ಟೂ ಮುಗಿಯುವುದು ಸುಮಾರು ೧೬ ಸೆಕೆಂಡುಗಳಲ್ಲಿ!

ಹೆಂಗಸರಿಗೆ ಪರಮಾವಧಿಯು ೫೫ ಕಿಲೋಮೀಟರು. ಈ ಮಿತಿಯನ್ನು ಮುಟ್ಟಿದ ಮೇಲೆ ವೇಗವನ್ನು ಹೆಚ್ಚಿಸುವುದಿಲ್ಲ. ಅದಕ್ಕೆ ಬದಲಾಗಿ ಹಗ್ಗವನ್ನು ಮೋಟುಮಾಡುತ್ತ ಹೋಗುವರು. ಮೊದಲು ೧೮.೨೫ ಮೀಟರು, ಆಮೇಲೆ ೧೬, ೧೪.೨೫, ೧೩, ೧೨, ೧೧.೨೫, ಹೀಗೆ ಇಳಿಯುತ್ತ ೧೦.೭೫, ೧೦.೨೫ ಮತ್ತು ೯.೭೫ ಮೀಟರಿನವರೆಗೂ ಬರುವರು. ಗುರುತು ಸುಲಭವಾಗಿ ಸಿಕ್ಕಲೆಂದು ಮೊದಲಿನ ಆರು ಅಳತೆಗಳಿಗೆ ಸಾಮಾನ್ಯವಾಗಿ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ ಎಂಬ ಬಣ್ಣಗಳುಂಟು. ಕಾಮನಬಿಲ್ಲನ್ನು ನೂತು ಹಗ್ಗ ಮಾಡಿದಂತೆ ಕಾಣುವುದು.

ಇಲ್ಲಿ ವಾಚಕರು ಒಂದು ಲೆಕ್ಕವನ್ನು ಗಮನಿಸಬೇಕು. ಗುಂಡಿಗೆ ಇರುವ ದೂರ ೧೧.೫ ಮೀಟರು, ಹಗ್ಗದ ಉದ್ದ ೧೧.೨೫ ಮೀಟರು. ಎಂದರೆ ಹಗ್ಗವನ್ನು ದೋಣಿಯ ಪಕ್ಕಕ್ಕೆ ಪೂರ್ತಿಯಾಗಿ ಚಾಚಿದರೂ ಅದರ ಹಿಡಿಯು ಗುಂಡನ್ನು ಮುಟ್ಟದು. ಉಳಿದ ಅಂತರವನ್ನು ಆಟಗಾರನು ತನ್ನ ತೋಳಿನಿಂದಲೂ, ನೀರಿನ ಕಡೆಗೆ ವಾಲಿದ ಮೈಯಿಂದಲೂ ತುಂಬಬೇಕು. ಹಗ್ಗವು ೯.೭೫ ಮೀಟರಾದಾಗ ಈ ಅಂತರವು ಒಂದೂಮುಕ್ಕಾಲು ಮೀಟರು! ಇಂತಹಲ್ಲಿ ಹಗ್ಗವು ಒಂದು ಗೇಣು ಹೆಚ್ಚಿದರೂ ಕಡಮೆಯಾದರೂ ಸ್ಪರ್ಧೆಯು ನ್ಯಾಯವಾದುದಾಗಲಾರದು.

ಇನ್ನು ಹಗ್ಗವು ಯಾವುದರಿಂದ ಆಗಿರಬೇಕೆಂಬ ವಿಚಾರ. ಹಿಂದಿನ ಹತ್ತಿಯ ಹಗ್ಗವೂ ಮನಿಲಾ ನಾರಿನ ಹಗ್ಗವೂ ನೀರು ಕುಡಿದು ಭಾರವಾಗುತ್ತಿದ್ದುವು. ನೈಲಾನು ಬಲವಾದುದೇ ಸರಿ. ಆದರೆ ನೀರಿಗಿಂತ ತೂಕವಾದುದರಿಂದ ಮುಳುಗುವುದು. ಮುಳುಗಿದ ಹಗ್ಗವು ದೋಣಿಯ ಚಕ್ರಕ್ಕೆ ಸುತ್ತಿಕೊಂಡರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾದುದಿಲ್ಲ. ೧೯೫೪ರಲ್ಲಿ ಇಟಲಿಯ ಜೂಲಿಯೋ ನಟ್ಟಾ ಎಂಬ ವಿಜ್ಞಾನಿಯು ಪಾಲಿಪ್ರೊಪಿಲೀನ್ ಎಂಬ ಹೊಸ ಪದಾರ್ಥವನ್ನು ಸಿದ್ಧಪಡಿಸಿದನು. ಅದು ನೀರಿಗಿಂತ ಹಗುರ, ನೀರನ್ನು ಹೀರದು, ಮೇಲೆಯೇ ತೇಲುವುದು. ಈಗಿನ ಆಟದ ಹಗ್ಗಗಳು ಹೆಚ್ಚಾಗಿ ಇದರಿಂದಲೋ, ಇದರ ದಾಯಾದಿಯಾದ ಪಾಲಿಎಥಿಲೀನ್‌ನಿಂದಲೋ ಆಗಿರುವುವು.

ಇದನ್ನು ನಮ್ಮ ತೆಂಗಿನ ನಾರಿನ ಹಗ್ಗದಂತೆ ಹೊಸೆಯುವುದಿಲ್ಲ, ಜಡೆಯಂತೆ ಹೆಣೆಯುವರು. ಹನ್ನೆರಡು ಪುರಿಗಳನ್ನು ಸುತ್ತಲೂ ಹೆಣೆದು ನಡುವೆ ಪೊಳ್ಳಾಗಿ ಬಿಡುವರು. ಈ ಪೊಳ್ಳಿನಲ್ಲಿಯೇ ಹಗ್ಗದ ಜಾಣ್ಮೆಯೆಲ್ಲವೂ ಅಡಗಿದೆ. ದೋಣಿಯ ಗೂಟಕ್ಕೆ ಸಿಕ್ಕಿಸುವ ಕುಣಿಕೆಗಳನ್ನು ಮಾಡುವಾಗ ಗಂಟು ಹಾಕುವಂತಿಲ್ಲ. ಗಂಟು ಬಿದ್ದೆಡೆಯಲ್ಲಿ ಹಗ್ಗದ ಬಲವು ಅರ್ಧದ ಮಟ್ಟಿಗೆ ಕುಗ್ಗುವುದುಂಟು. ಆದುದರಿಂದ ಹಗ್ಗದ ತುದಿಯನ್ನು ಟೊಳ್ಳಾದ ದಪ್ಪ ಸೂಜಿಗೆ ಸಿಕ್ಕಿಸಿ, ಹಿಂದಕ್ಕೆ ಮಡಿಸಿ, ಒಂದೆರಡು ಸಲ ಹಗ್ಗದ ಅಡ್ಡಲಾಗಿ ತೂರಿಸಿ, ಉಳಿದ ತುದಿಯನ್ನು ಹಗ್ಗದ ಹೊಟ್ಟೆಯೊಳಕ್ಕೇ ಸೇರಿಸಿಬಿಡುವರು. ಎಳೆದಷ್ಟೂ ಹೊರಗಿನ ಹೆಣಿಗೆಯು ಸಪೂರವಾಗಿ ಒಳಗಿನ ತುದಿಯನ್ನು ಬಿಗಿಹಿಡಿಯುವುದು. ಒಳಸೇರಿದ ತುದಿಯು ಗಿಡ್ಡವಾಗಿದ್ದರೆ ಮಾತ್ರ ಹಿಡಿತವು ಸಡಿಲವಾದಾಗ ಅದು ಜಾರಿ ಹೊರಬರಬಹುದು. ಕೈಗೆಲಸದ ಒಳ್ಳೆಯದು ಕೆಟ್ಟದು ತಿಳಿಯುವುದು ಇಲ್ಲಿಯೇ.

ಹಗ್ಗಕ್ಕೆ ತುಸು ಹಿಗ್ಗುವ ಗುಣವೂ ಬೇಕು. ಸ್ವಲ್ಪವೂ ಹಿಗ್ಗದ ಹಗ್ಗವು, ಗುಂಡನ್ನು ಸುತ್ತಿ ಹಿಂದಿರುಗುವ ಆಟಗಾರನ ಭುಜಕ್ಕೂ ಬೆನ್ನಿಗೂ ಪೆಟ್ಟು ಕೊಟ್ಟಂತೆ ಜಗ್ಗುವುದು. ಅತಿಯಾಗಿ ಹಿಗ್ಗುವ ಹಗ್ಗವಾದರೋ ಕವಣೆಯಂತೆ ಅವನನ್ನು ಎಸೆಯುವುದು. ಡೈನೀಮಾದಂತಹ, ಹಿಗ್ಗದ ನಾರಿನ ಹಗ್ಗಗಳನ್ನು ವೇಕ್‌ಬೋರ್ಡ್ ಎಂಬ ಬೇರೊಂದು ಆಟಕ್ಕೆ ಬಳಸುವರು. ಬೆಲೆ ಹೆಚ್ಚೆಂಬ ಕಾರಣಕ್ಕೆ ಅದೇ ಮೇಲೆಂದು ಭಾವಿಸಿ ಸ್ಲಾಲಮ್ ಆಟಕ್ಕೆ ಅದನ್ನು ಕೊಳ್ಳುವುದು ತಪ್ಪು. ಹೊಸ ಹಗ್ಗವು ಮೊದಲ ಕೆಲವು ಓಟಗಳಲ್ಲಿ ಹಿಗ್ಗಿ ನೆಲೆಗೊಳ್ಳುವುದರಿಂದ, ಆ ಮೇಲೆಯೇ ಬಿಗಿಯಾಗಿ ಎಳೆದು ಅಳೆಯುವುದು ಯುಕ್ತ.

ಹಿಡಿಯ ವಿಷಯದಲ್ಲಿಯೂ ವಿವೇಕವಿರಬೇಕು. ಅದು ಅಲ್ಯೂಮಿನಿಯಮ್ ಕೊಳವೆಗೆ ರಬ್ಬರು ಹೊದಿಸಿ ಮಾಡಿದುದು. ಬೆರಳುಗಳು ಸುತ್ತಲೂ ಸುಖವಾಗಿ ಬಳಸುವಷ್ಟು ದಪ್ಪವಿದ್ದರೆ ಸಾಕು. ಚಿಕ್ಕ ಕೈಗೆ ದಪ್ಪ ಹಿಡಿಯನ್ನು ಕೊಟ್ಟರೆ ಮುಂಗೈಯು ಬೇಗನೆ ಸೋಲುವುದು. ಹಗ್ಗದೊಂದಿಗೆ ಹಿಡಿಯೂ ತೇಲಬೇಕು.

ಹಾಗಾದರೆ ಮನೆಯ ಯಜಮಾನನು ಮಗನಿಗೋ ಮಗಳಿಗೋ ಎಂತಹ ಹಗ್ಗವನ್ನು ಕೊಳ್ಳಬೇಕು? ಹೊಸದಾಗಿ ಕಲಿಯುವವರಿಗೆ ಹತ್ತು ಕುಣಿಕೆಗಳ ಬಣ್ಣದ ಹಗ್ಗವು ವ್ಯರ್ಥ. ಸುಮಾರು ೨೩ ಮೀಟರಿನ ಸಾದಾ ಹಗ್ಗವೇ ಸಾಕು. ಗುಂಡುಗಳನ್ನು ಸುತ್ತುವ ಶಕ್ತಿ ಬಂದಮೇಲೆ ಕುಣಿಕೆಗಳುಳ್ಳುದನ್ನು ಕೊಳ್ಳಬಹುದು. ಎಲ್ಲಕ್ಕಿಂತಲೂ ಮುಖ್ಯವಾದ ಮಾತೊಂದುಂಟು: ಗಾಳಿ ತುಂಬಿದ ಕೊಳವೆಯ ಮೇಲೆ ಮಕ್ಕಳನ್ನು ಕೂರಿಸಿ ಎಳೆಯುವುದಕ್ಕೆ ಈ ಹಗ್ಗವನ್ನು ಎಂದಿಗೂ ಬಳಸಕೂಡದು. ಆ ಕೊಳವೆಯ ಎಳೆತವು ಬಹಳ ಹೆಚ್ಚು. ಅದಕ್ಕೆ ಬೇರೆಯೇ ದಪ್ಪ ಹಗ್ಗಗಳಿವೆ. ಬಿಗಿದ ಹಗ್ಗವು ಹರಿದರೆ ಅದರ ತುದಿಯು ದೋಣಿಯಲ್ಲಿ ಕುಳಿತವರ ಮುಖಕ್ಕೆ ಚಾಟಿಯಂತೆ ಬಡಿಯುವುದು. ಎರಡು ಹಗ್ಗಗಳ ಬೆಲೆಯನ್ನು ಉಳಿಸಲು ಹೋಗಿ ಒಂದು ಕಣ್ಣನ್ನು ಕಳೆದುಕೊಳ್ಳುವುದು ಯಾವ ಮಿತವ್ಯಯ?

ಬಿಸಿಲು ಈ ಹಗ್ಗದ ಶತ್ರು. ಬಣ್ಣ ಮಾಸಿ, ಮೈಯೆಲ್ಲ ಜುಂಗೆದ್ದು, ಮುಟ್ಟಿದರೆ ಒರಟಾಗಿ ಪುಡಿಯುದುರುವಂತಾದರೆ ಅದರ ಆಯುಸ್ಸು ತೀರಿತೆಂದೇ ತಿಳಿಯಬೇಕು. ಆಟ ಮುಗಿದೊಡನೆ ಸುತ್ತಿ ನೆರಳಿನಲ್ಲಿ ತೂಗುಹಾಕಬೇಕು. ಪ್ರತಿಸಲವೂ ಆಟಕ್ಕೆ ಮುನ್ನ ಕುಣಿಕೆಗಳನ್ನೂ ಹಿಡಿಯು ಹಗ್ಗಕ್ಕೆ ಕೂಡುವ ಎಡೆಯನ್ನೂ ಬೆರಳಾಡಿಸಿ ನೋಡಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದಾಗಲಿ, ಕುಣಿಕೆಯೊಳಗೆ ಕೈಯನ್ನೋ ಕಾಲನ್ನೋ ತೂರಿಸುವುದಾಗಲಿ ಸರ್ವಥಾ ಕೂಡದು. ಮೋಟುಮಾಡಿದಾಗ ಉಳಿದ ಭಾಗವನ್ನು ದೋಣಿಯೊಳಗೆ ಯಾರ ಕಾಲಿಗೂ ಸಿಕ್ಕದಂತೆ ಇರಿಸಬೇಕು.

ಸ್ಯಾಮುಯೆಲ್ಸನನ ತಾಯಿಯು ತನ್ನ ಪಾತ್ರೆಯನ್ನು ಮಗನ ಸಾಹಸಕ್ಕೆ ಬಿಟ್ಟುಕೊಟ್ಟಳು. ಆಡುವ ವಯಸ್ಸಿನವರನ್ನು ಮನೆಯಲ್ಲಿ ಕಟ್ಟಿಹಾಕುವುದು ಸಾಧ್ಯವೂ ಅಲ್ಲ, ಒಳ್ಳೆಯದೂ ಅಲ್ಲ. ಅವರು ನೀರಿಗಿಳಿಯುವ ಮುನ್ನ ಹಗ್ಗವನ್ನು ಒಮ್ಮೆ ಕೈಯಲ್ಲಿ ಹಿಡಿದು ತುದಿಯಿಂದ ತುದಿಗೆ ನೋಡುವುದು ಹಿರಿಯರಿಗೆ ಸೇರಿದ ಕೆಲಸ. ಸವೆದ ಹಗ್ಗದಿಂದ ತೊಟ್ಟಿಲು ಕಟ್ಟದ ತಾಯಿಯ ವಿವೇಕವು ಅಲ್ಲಿಯೂ ಸಲ್ಲುವುದೆಂದು ನಾವು ನಂಬುವೆವು.