ಸಿಪಿಯು ಸದ್ದು ಮಾಡ್ತಿದ್ಯಾ? ಮೊದಲು ಕಿವಿಗೊಡಿ

ಡೆಸ್ಕ್‌ಟಾಪ್ ಸದ್ದು ಶುರು ಮಾಡಿದ ಕೂಡಲೇ ನಾವೆಲ್ಲ ಸ್ಕ್ರೂಡ್ರೈವರ್ ಹುಡುಕ್ತೀವಿ. ಅದಕ್ಕೂ ಮೊದಲು ಅದು ಎಂಥ ಸದ್ದು ಅಂತ ಗುರುತಿಸಬೇಕು. ಯಾಕಂದ್ರೆ ಒಂದು ಸದ್ದು ಮಾತ್ರ ನಿಜಕ್ಕೂ ಅಪಾಯದ್ದು.

ಟಕ್... ಟಕ್...: ಬಿಟ್ಟು ಬಿಟ್ಟು ಬಂದರೆ ಹಾರ್ಡ್ ಡಿಸ್ಕ್ ಮೇಲೆ ಅನುಮಾನ ಪಡಿ. ಅದರೊಳಗಿನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತೆ. ಓದುವ ಹೆಡ್ ತನ್ನ ಜಾಗ ಸಿಗದೆ ಮತ್ತೆ ಮತ್ತೆ ಪ್ರಯತ್ನಿಸಿದಾಗ ಈ ಸದ್ದು ಬರುತ್ತೆ. ರೀಸ್ಟಾರ್ಟ್ ಮಾಡ್ತಾ ಕೂರಬೇಡಿ. ಪ್ರಾಜೆಕ್ಟ್ ಫೈಲುಗಳನ್ನು ತಕ್ಷಣ ಬೇರೆ ಕಡೆ ಕಾಪಿ ಮಾಡಿ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಹಾಗಾಗಿ ಅದು ಹೀಗೆ ಎಚ್ಚರಿಸೋದಿಲ್ಲ.

ಟರ್ರ್...: ಎಡೆಬಿಡದೆ ಬಂದರೆ ಯಾವುದೋ ಕೇಬಲ್ ಫ್ಯಾನಿಗೆ ತಾಗುತ್ತಿರಬಹುದು. ಪಕ್ಕಕ್ಕೆ ಕಟ್ಟಿದರೆ ಮುಗೀತು.

ಗುರ್ರ್...: ಗೇಮ್, ಸಿಮ್ಯುಲೇಶನ್ ಓಡಿಸಿದಾಗ ಜಾಸ್ತಿಯಾದರೆ ಅದು ಫ್ಯಾನ್. ಹೀಟ್‌ಸಿಂಕಿನ ಸಂದುಗಳಲ್ಲಿ ಧೂಳು ಕೂತರೆ ಬಿಸಿ ಹೊರಹೋಗಲ್ಲ, ಫ್ಯಾನ್ ಇನ್ನೂ ಜೋರಾಗಿ ತಿರುಗುತ್ತೆ. ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡು ಬ್ರಷ್‌ನಿಂದ ಧೂಳು ತೆಗೀರಿ.

ಕರಕರ: ಧೂಳು ತೆಗೆದ ಮೇಲೂ ಫ್ಯಾನಿನಿಂದ ಬಂದರೆ ಬೇರಿಂಗ್ ಸವೆದಿದೆ. ಫ್ಯಾನ್ ಬದಲಿಸೋದೇ ದಾರಿ.

ಗಡಗಡ: ಕ್ಯಾಬಿನೆಟ್ ಪಕ್ಕವನ್ನು ಕೈಯಲ್ಲಿ ಒತ್ತಿ. ಸದ್ದು ನಿಂತರೆ ಸ್ಕ್ರೂ ಸಡಿಲ, ಅಷ್ಟೇ.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಶಾಕ್ ಹೊಡೆಯುವಷ್ಟು ಚಾರ್ಜ್ ಉಳಿದಿರಬಹುದು.

ಫ್ಯಾನ್ ಅಂಗಡಿಯಲ್ಲಿ ಸಿಗುತ್ತೆ. ನಾಳೆ ಸಬ್ಮಿಟ್ ಮಾಡಬೇಕಾದ ರಿಪೋರ್ಟ್ ಸಿಗಲ್ಲ. ಅದಕ್ಕೇ ಟಕ್ ಟಕ್ ಕೇಳಿಸಿದರೆ ಮೊದಲು ಕಾಪಿ, ಆಮೇಲೆ ರಿಪೇರಿ.