ಹಲ್ಲು ತೋರಿಸುವಾಗ ಬಾಯಿಯನ್ನೂ ತೋರಿಸಿ

ಹಲ್ಲುನೋವು ಎಂಥ ಸಹನಶೀಲನನ್ನೂ ವೈದ್ಯರ ಬಾಗಿಲಿಗೆ ಎಳೆದೊಯ್ಯುತ್ತದೆ. ಬಾಯಿಯ ಕ್ಯಾನ್ಸರಿನ ಸ್ವಭಾವವೇ ಬೇರೆ. ಮೊದಮೊದಲು ಅದಕ್ಕೆ ನೋವೇ ಇಲ್ಲವಾದುದರಿಂದ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನೋಯುವ ಹಲ್ಲಿಗಾಗಿ ಬಾಯಿ ತೆರೆದ ಗಳಿಗೆಯಲ್ಲಿಯೇ ನೋಯದ ರೋಗವನ್ನೂ ಹುಡುಕಬಹುದಲ್ಲವೆ? ದಂತವೈದ್ಯರಿಂದ ಸಾಧ್ಯವಾಗುವ ಈ ಶೋಧನೆಯನ್ನು ಕುರಿತು ವಾಚಕರಿಗೆ ನಾಲ್ಕು ಮಾತು ಹೇಳಬಯಸುತ್ತೇವೆ.

ದೊಡ್ಡಬಳ್ಳಾಪುರದ ನೆರೆಯ ಬಾಶೆಟ್ಟಿಹಳ್ಳಿಯನ್ನೇ ತೆಗೆದುಕೊಳ್ಳೋಣ. ಅದು ಇಂದು ಕೈಗಾರಿಕಾ ಪ್ರದೇಶ. ಇಂಥ ಊರುಗಳಲ್ಲಿ ಇರುಳು ಪಾಳಿಯ ನಿದ್ದೆಯನ್ನು ತಡೆಯಲು ದವಡೆಯಲ್ಲಿ ಏನನ್ನಾದರೂ ಇಟ್ಟುಕೊಳ್ಳುವ ಅಭ್ಯಾಸ ಹೊಸತಲ್ಲ. ಹಿರಿಯರಿಗೆ ಎಲೆಯಡಿಕೆ, ಹೊಗೆಸೊಪ್ಪು. ಕಿರಿಯರಿಗೆ ಪೊಟ್ಟಣದ ಪುಡಿ. ಕರ್ನಾಟಕ ಸರಕಾರ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಆದರೆ ಪಾನ್ ಮಸಾಲೆಯ ಪೊಟ್ಟಣವನ್ನೂ ತಂಬಾಕಿನ ಪೊಟ್ಟಣವನ್ನೂ ಬೇರೆ ಬೇರೆ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವ ಜಾಣರಿಗೆ ಕೊರತೆಯಿಲ್ಲ. ತಂಬಾಕು ಸೇರದ ಬರಿಯ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ಅಡಿಕೆ ಬೆಳೆಯುವುದರಲ್ಲಿ ದೇಶಕ್ಕೇ ಮುಂದಾಗಿರುವ ನಮ್ಮ ನಾಡಿಗೆ ಇದು ರುಚಿಸದ ಮಾತು. ಅದೇ ವಿಭಾಗದ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1,43,000 ಮಂದಿಗೆ ತುಟಿ ಮತ್ತು ಬಾಯಿಯ ಕ್ಯಾನ್ಸರು ಹೊಸದಾಗಿ ತಗುಲಿತು.

ಶೋಧನೆಗೆ ಬೇಕಾದುದು ಒಳ್ಳೆಯ ಬೆಳಕು, ಚಿಕ್ಕ ಕನ್ನಡಿ, ಕೈಗವಸು ಮತ್ತು ಕೆಲವೇ ನಿಮಿಷ. ವೈದ್ಯರು ಮೊದಲು ಕತ್ತನ್ನು ತಡವಿ ಗಂಟುಗಳಿವೆಯೇ ಎಂದು ನೋಡುತ್ತಾರೆ. ಅನಂತರ ತುಟಿ, ಕೆನ್ನೆಯ ಒಳಮೈ, ವಸಡು, ಅಂಗುಳು. ನಾಲಗೆಯ ತುದಿಯನ್ನು ಬಟ್ಟೆಯಲ್ಲಿ ಹಿಡಿದು ಎರಡು ಪಕ್ಕಗಳಿಗೂ ಎಳೆದು ಅದರ ಅಂಚನ್ನು ಪರೀಕ್ಷಿಸುತ್ತಾರೆ; ನಾಲಗೆಯನ್ನು ಮೇಲೆತ್ತಿಸಿ ಅಡಿಯನ್ನೂ ಬೆರಳಿನಿಂದ ಒತ್ತಿ ನೋಡುತ್ತಾರೆ. ಒರೆಸಿದರೂ ಹೋಗದ ಬಿಳಿಯ ಮಚ್ಚೆ ಕಂಡರೆ ಎಚ್ಚರ ಬೇಕು. ಮಖಮಲ್ಲಿನಂತಹ ಕೆಂಪು ಮಚ್ಚೆ ಕಂಡರೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಡಿಕೆ ಅಗಿಯುವವರ ಕೆನ್ನೆಯ ಒಳಪೊರೆ ನಾರುಗಟ್ಟಿ ಬಿಗಿಯುವುದುಂಟು. ಮೂರು ಬೆರಳುಗಳನ್ನು ನಿಲ್ಲಿಸಿದರೆ ಹಿಡಿಯುತ್ತಿದ್ದ ಬಾಯಿ ಎರಡಕ್ಕೇ ನಿಂತಿತೆಂದರೆ ಅದನ್ನು ವೈದ್ಯರಿಗೆ ಹೇಳಲೇಬೇಕು.

ಚೂಪಾದ ಹಲ್ಲು ತಾಗಿ ಆದ ಹುಣ್ಣು, ಹಲ್ಲನ್ನು ನಯಗೊಳಿಸಿದ ಮೇಲೆ ಎರಡು ವಾರದೊಳಗೆ ಮಾಯಬೇಕು. ಮಾಯದಿದ್ದರೆ ಸಂದೇಹಪಡಬೇಕು. ಹಲ್ಲು ಕಿತ್ತ ಗುಳಿಯೂ ಹಾಗೆಯೇ. ಒಳಗೆ ಬೆಳೆದ ಗಂತಿಯಿಂದಲೇ ಹಲ್ಲು ಅಲುಗಾಡುವುದುಂಟು. ಹಲ್ಲು ಹೋಗುತ್ತದೆ, ಗಾಯ ಮಾತ್ರ ಉಳಿಯುತ್ತದೆ.

ಬರಿಗಣ್ಣಿನ ನೋಟದಿಂದ ಪ್ರಾಣ ಉಳಿದೀತೆ ಎಂದು ಕೇಳುವವರಿಗೆ ಕೇರಳದ ಉತ್ತರವಿದೆ. ತಿರುವನಂತಪುರ ಜಿಲ್ಲೆಯ 13 ಪಂಚಾಯತಿಗಳಲ್ಲಿ 1996ರಲ್ಲಿ ಒಂದು ಪ್ರಯೋಗ ಮೊದಲಾಯಿತು. ಕೆಲವು ಪಂಚಾಯತಿಗಳಲ್ಲಿ ತರಬೇತಾದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು, ಉಳಿದವುಗಳಲ್ಲಿ ನೋಡಲಿಲ್ಲ. 2005ರಲ್ಲಿ ಹೊರಬಂದ ಫಲಿತಾಂಶದಂತೆ, ತಂಬಾಕು ಇಲ್ಲವೆ ಮದ್ಯ ಸೇವಿಸುವವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಸುಮಾರು ಮೂರರಲ್ಲೊಂದು ಪಾಲು ತಗ್ಗಿತ್ತು. ಈ ಚಟಗಳಿಲ್ಲದವರಲ್ಲಿ ಅಂಥ ಲಾಭ ಕಾಣಲಿಲ್ಲ. ಆದುದರಿಂದ ಅಗಿಯುವವರ, ಸೇದುವವರ, ಕುಡಿಯುವವರ ಬಾಯಿಯನ್ನು ಮೊದಲು ನೋಡಬೇಕೆಂಬುದು ನಮ್ಮ ಮತ.

ಕರ್ನಾಟಕದಲ್ಲಿಯೂ ಇಂಥ ಯತ್ನ ನಡೆದಿದೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯ ಕಾರ್ಯಕರ್ತರು ಮನೆಗಳಲ್ಲಿಯೂ ದಂತವೈದ್ಯರು ದುಡಿಮೆಯ ಸ್ಥಳಗಳಲ್ಲಿಯೂ ಬಾಯಿ ಪರೀಕ್ಷಿಸಿ, ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ದೂರದ ತಜ್ಞರಿಗೆ ಕಳುಹಿಸಿದರು. ಕಾರ್ಖಾನೆಯ ಊರುಗಳಿಗೆ ಈ ಕ್ರಮ ಚೆನ್ನಾಗಿ ಒಪ್ಪುತ್ತದೆ: ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ತಪ್ಪುತ್ತದೆ.

ಸಂದೇಹವಿದ್ದ ಕಡೆ ಚೂರು ಮಾಂಸವನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಅನೇಕರು ಹಿಂಜರಿಯುವುದು ಇಲ್ಲಿಯೇ. ಕತ್ತರಿ ತಾಗಿದರೆ ರೋಗ ಕೆರಳಿ ಹರಡುವುದೆಂಬ ಭಯ. ಈ ಭಯಕ್ಕೆ ಆಧಾರವಿಲ್ಲ. ಭಯಪಟ್ಟು ಕಳೆದ ತಿಂಗಳುಗಳಲ್ಲಿಯೇ ರೋಗ ಕತ್ತಿನ ಗ್ರಂಥಿಗಳಿಗೆ ಇಳಿಯುತ್ತದೆ. ಚಿಕ್ಕದಿದ್ದಾಗ ಸಿಕ್ಕ ಗಂತಿಯನ್ನು ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯೊಂದರಿಂದಲೇ ತೆಗೆದುಹಾಕಬಹುದು. ಅದಕ್ಕೆ ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ. ಬಾಶೆಟ್ಟಿಹಳ್ಳಿಯಿಂದ ಹೋಗಿಬರುವಷ್ಟೇ ದೂರ. ಇನ್ನು ಬಿಳಿಯ ಮಚ್ಚೆಗಳಲ್ಲಿ ಬಹುಪಾಲು ಕ್ಯಾನ್ಸರಾಗಿರುವುದಿಲ್ಲ. ಅಂಥವರಿಗೆ ವೈದ್ಯರು ಚಟ ಬಿಡಲು ಹೇಳಿ, ಕೆಲವು ತಿಂಗಳ ಬಳಿಕ ಬಂದು ಮತ್ತೊಮ್ಮೆ ಬಾಯಿ ತೋರಿಸುವಂತೆ ಚೀಟಿ ಬರೆದುಕೊಡುತ್ತಾರೆ.