ಲಿಥಿಯಮ್ ಕಾರ್ಬೊನೇಟ್

ಲಿಥಿಯಮ್ ಕಾರ್ಬೊನೇಟ್ ಬಿಳಿ ಬಣ್ಣದ, ವಾಸನೆಯಿಲ್ಲದ ಒಂದು ಅಜೈವಿಕ ಲವಣ. ಎರಡು ಲಿಥಿಯಮ್ ಅಯಾನುಗಳೂ ಒಂದು ಕಾರ್ಬೊನೇಟ್ ಅಯಾನೂ ಸೇರಿ ಇದು ರೂಪುಗೊಂಡಿದೆ. ರಚನೆಯಲ್ಲಿ ಇದು ವಾಷಿಂಗ್ ಸೋಡ ಎಂದು ಪರಿಚಿತವಾದ ಸೋಡಿಯಮ್ ಕಾರ್ಬೊನೇಟಿನ ಹತ್ತಿರದ ಸಂಬಂಧಿ. ವಿದ್ಯುತ್ಕೋಶ, ಗಾಜು ಮತ್ತು ಪಿಂಗಾಣಿ ಉದ್ಯಮಗಳ ಕಚ್ಚಾವಸ್ತುವಾದ ಈ ಲವಣವೇ ಬೈಪೋಲಾರ್ ಕಾಯಿಲೆ ಎನ್ನಲಾಗುವ ದ್ವಿಧ್ರುವಿ ಮನೋವ್ಯಾಧಿಯ ಪ್ರಮುಖ ಔಷಧವೂ ಆಗಿದೆ. ಔಷಧವಾಗುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಣ ಅಂತರ ಬಹಳ ಕಿರಿದಾಗಿರುವುದು ಇದರ ವೈಶಿಷ್ಟ್ಯ.

ಗುಣಲಕ್ಷಣಗಳು

ಇದರ ಅಣುತೂಕ 73.89. ದ್ರವನಬಿಂದು 723 ಡಿಗ್ರಿ ಸೆಲ್ಸಿಯಸ್. ತೂಕದಲ್ಲಿ ಸುಮಾರು ಶೇ. 18.8 ಭಾಗ ಮಾತ್ರ ಲಿಥಿಯಮ್. ಇತರ ಕ್ಷಾರ ಲೋಹಗಳ ಕಾರ್ಬೊನೇಟುಗಳು ನೀರಿನಲ್ಲಿ ಸುಲಭವಾಗಿ ಕರಗುತ್ತವೆ. ಇದಾದರೋ ಅಲ್ಪವಾಗಿ ಕರಗುತ್ತದೆ. ನೀರು ಬಿಸಿಯಾದಷ್ಟೂ ಇದರ ವಿಲೇಯತೆ ಹೆಚ್ಚುವ ಬದಲು ಕುಗ್ಗುತ್ತದೆ. 20 ಡಿಗ್ರಿಯಲ್ಲಿ 100 ಮಿಲಿಲೀಟರ್ ನೀರಿನಲ್ಲಿ ಸುಮಾರು 1.3 ಗ್ರಾಂ ಕರಗಿದರೆ, ಕುದಿಯುವ ನೀರಿನಲ್ಲಿ ಸುಮಾರು 0.7 ಗ್ರಾಂ ಮಾತ್ರ ಕರಗುತ್ತದೆ. ಇದನ್ನು ಶುದ್ಧವಾಗಿ ಪಡೆಯಲು ಈ ಅಪರೂಪದ ಗುಣವೇ ನೆರವಾಗುತ್ತದೆ.

ತಯಾರಿಕೆ

1817ರಲ್ಲಿ ಸ್ವೀಡನ್ನಿನ ಯೋಹಾನ್ ಆಗಸ್ಟ್ ಅರ್ಫ್‌ವೆಡ್‌ಸನ್ ಪೆಟಲೈಟ್ ಎಂಬ ಖನಿಜದಲ್ಲಿ ಲಿಥಿಯಮ್ ಧಾತುವನ್ನು ಗುರುತಿಸಿದರು. ಕಲ್ಲು ಎಂಬ ಅರ್ಥದ ಗ್ರೀಕ್ ಪದದಿಂದ ಧಾತುವಿಗೆ ಈ ಹೆಸರು ಬಂದಿತು. ಇಂದು ಲವಣವನ್ನು ಎರಡು ಮೂಲಗಳಿಂದ ಪಡೆಯಲಾಗುತ್ತದೆ. ಸ್ಪಾಡ್ಯುಮಿನ್ ಅದಿರನ್ನು ಸುಮಾರು 1,100 ಡಿಗ್ರಿಯವರೆಗೆ ಕಾಯಿಸಿ, ಸಲ್ಫ್ಯೂರಿಕ್ ಆಮ್ಲದೊಡನೆ ಹುರಿದು, ನೀರಿನಲ್ಲಿ ನೆನೆಸಿದಾಗ ಲಿಥಿಯಮ್ ಸಲ್ಫೇಟ್ ದ್ರಾವಣ ದೊರೆಯುತ್ತದೆ. ಬಿಸಿಯಾದ ಈ ದ್ರಾವಣಕ್ಕೆ ಸೋಡಿಯಮ್ ಕಾರ್ಬೊನೇಟ್ ಸೇರಿಸಿದರೆ ಲಿಥಿಯಮ್ ಕಾರ್ಬೊನೇಟ್ ಒತ್ತರಿಸಿ ತಳದಲ್ಲಿ ನಿಲ್ಲುತ್ತದೆ. ಚಿಲಿ ದೇಶದ ಅಟಕಾಮ ಉಪ್ಪುಬಯಲಿನಲ್ಲಿ ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ, ಬಯಲುಕೊಳಗಳಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ಆರಿಸಿ, ಬಳಿಕ ಇದೇ ರೀತಿ ಒತ್ತರಿಸಲಾಗುತ್ತದೆ.

ಕರ್ನಾಟಕದ ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ ಪೆಗ್ಮಟೈಟ್ ಶಿಲೆಗಳಲ್ಲಿ ಸುಮಾರು 1,600 ಟನ್ ಲಿಥಿಯಮ್ ಇರಬಹುದೆಂದು ಕೇಂದ್ರ ಸರ್ಕಾರ 2021ರಲ್ಲಿ ಸಂಸತ್ತಿಗೆ ತಿಳಿಸಿತು. ಇದಕ್ಕೂ ಮುನ್ನ ಪತ್ರಿಕೆಗಳಲ್ಲಿ 14,100 ಟನ್ ಎಂಬ ಅಂಕಿ ಪ್ರಚಾರ ಪಡೆದಿತ್ತು. 1,600 ಟನ್ ಎಂಬುದು ಕೂಡ ಪ್ರಾಥಮಿಕ ಸಮೀಕ್ಷೆಯ ಅಂದಾಜೇ ಹೊರತು ಗಣಿಗಾರಿಕೆಗೆ ಸಿದ್ಧವಾದ ನಿಕ್ಷೇಪವಲ್ಲ.

ಕೈಗಾರಿಕೆಯಲ್ಲಿ

ಲಿಥಿಯಮ್ ಅಯಾನು ವಿದ್ಯುತ್ಕೋಶಗಳ ಧನಾಗ್ರವನ್ನು, ಮುಖ್ಯವಾಗಿ ಲಿಥಿಯಮ್ ಕಬ್ಬಿಣ ಫಾಸ್ಫೇಟ್ ಬಗೆಯದನ್ನು, ತಯಾರಿಸಲು ಈ ಲವಣ ಬೇಕು. ಗಾಜು ಮತ್ತು ಪಿಂಗಾಣಿಯ ಮಿಶ್ರಣ ಕಡಿಮೆ ಉಷ್ಣತೆಯಲ್ಲೇ ಕರಗುವಂತೆ ಇದು ಮಾಡುತ್ತದೆ. ಥಟ್ಟನೆ ಕಾದರೂ ತಣಿದರೂ ಬಿರುಕು ಬಿಡದ ಗಾಜಿನ ಪಾತ್ರೆ ಮತ್ತು ಒಲೆಹಾಸುಗಳಲ್ಲಿ ಲಿಥಿಯಮ್ ಇರುತ್ತದೆ.

ಔಷಧವಾಗಿ

ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಗಿನಿ ಹಂದಿಗಳಿಗೆ ಲಿಥಿಯಮ್ ಲವಣಗಳನ್ನು ಚುಚ್ಚಿದಾಗ ಅವು ಮಂಕಾಗಿ ಸುಮ್ಮನಾದುದನ್ನು ಕಂಡರು. ಅನಂತರ ಉನ್ಮಾದದಿಂದ ಬಳಲುತ್ತಿದ್ದ ಹತ್ತು ರೋಗಿಗಳಿಗೆ ಅದನ್ನು ಕೊಟ್ಟು, ಗುಣ ಕಂಡುಬಂದ ವಿವರಗಳನ್ನು 1949ರಲ್ಲಿ ಪ್ರಕಟಿಸಿದರು. ಪ್ರಾಣಿಗಳ ಆ ಮಂಕು ವಿಷಪ್ರಭಾವದ್ದೇ ಆಗಿದ್ದಿರಬಹುದೆಂದು ಈಗ ಭಾವಿಸಲಾಗುತ್ತದೆ. ದಾರಿ ಸಂದೇಹಾಸ್ಪದವಾದರೂ ತಲುಪಿದ ನೆಲೆ ಸರಿಯಾಗಿತ್ತು. ಆತನ ಮೊದಲ ರೋಗಿ ವರ್ಷಗಳ ಉನ್ಮಾದದಿಂದ ಚೇತರಿಸಿಕೊಂಡು ಮನೆಗೆ ಮರಳಿ ಕೆಲಸಕ್ಕೂ ಸೇರಿದ್ದನು. ಔಷಧ ನಿಲ್ಲಿಸಿದಾಗ ರೋಗ ಮರುಕಳಿಸಿತು. 1950ರಲ್ಲಿ ಲಿಥಿಯಮ್ ವಿಷವೇರಿ ಅವನು ಮರಣಹೊಂದಿದನು.

ಅದೇ 1949ರಲ್ಲಿ ಅಮೆರಿಕದಲ್ಲಿ ಹೃದ್ರೋಗಿಗಳು ಅಡುಗೆ ಉಪ್ಪಿಗೆ ಬದಲಾಗಿ ಲಿಥಿಯಮ್ ಕ್ಲೋರೈಡ್ ಬಳಸಿ ಸಾವುಗಳು ಸಂಭವಿಸಿದ್ದರಿಂದ ಅಂತಹ ಉಪ್ಪನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ಲಿಥಿಯಮಿನ ಹೆಸರಿಗೆ ಅಂಟಿದ ಈ ಭಯ ಹೋಗಲು ಎರಡು ದಶಕ ಹಿಡಿಯಿತು. ಡೆನ್ಮಾರ್ಕಿನ ಮೋಗೆನ್ಸ್ ಷೌ ಮತ್ತು ಸಹೋದ್ಯೋಗಿಗಳು 1954ರಿಂದ ನಡೆಸಿದ ಕ್ರಮಬದ್ಧ ಪರೀಕ್ಷೆಗಳು ಹಾಗೂ ರಕ್ತದಲ್ಲಿ ಲಿಥಿಯಮ್ ಮಟ್ಟವನ್ನು ಅಳೆಯುವ ಉಪಕರಣಗಳು ಔಷಧವನ್ನು ಮರಳಿ ತಂದವು. ಅಮೆರಿಕ 1970ರಲ್ಲಿ ಅನುಮತಿ ನೀಡಿತು. ಉನ್ಮಾದ ಮತ್ತು ಖಿನ್ನತೆ ಮರುಕಳಿಸದಂತೆ ತಡೆಯುವುದು ಇದರ ಮುಖ್ಯ ಉಪಯೋಗ. ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುತ್ತದೆ ಎಂಬುದಕ್ಕೂ ಹಲವು ಅಧ್ಯಯನಗಳ ಆಧಾರವಿದೆ.

ಪ್ರಮಾಣ ಮತ್ತು ಎಚ್ಚರಿಕೆ

ರಕ್ತದ ಸೀರಮ್‌ನಲ್ಲಿ ಲಿಥಿಯಮ್ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.2 ಮಿಲಿಮೋಲ್ ಇರಬೇಕು. ದೀರ್ಘಕಾಲದ ಚಿಕಿತ್ಸೆಯಲ್ಲಿ ಬಹುಪಾಲು 1.0ಕ್ಕಿಂತ ಕೆಳಗೇ ಇರಿಸುತ್ತಾರೆ. 1.5 ದಾಟಿದರೆ ವಿಷಲಕ್ಷಣಗಳು ತೋರಬಹುದು, 2.0 ಮೀರಿದರೆ ಪ್ರಾಣಾಪಾಯವಿದೆ. ಆದಕಾರಣ ರಕ್ತಪರೀಕ್ಷೆಯನ್ನು ನಿಯತವಾಗಿ ಮಾಡಿಸುವುದು ಈ ಚಿಕಿತ್ಸೆಯ ಅವಿಭಾಜ್ಯ ಅಂಗ.

ಮೂತ್ರಪಿಂಡವು ಲಿಥಿಯಮನ್ನು ಸೋಡಿಯಮಿನಂತೆಯೇ ನಡೆಸಿಕೊಳ್ಳುತ್ತದೆ. ದೇಹದಲ್ಲಿ ಉಪ್ಪು ಅಥವಾ ನೀರು ಕಡಿಮೆಯಾದಾಗ ಅದು ಸೋಡಿಯಮನ್ನು ಹಿಡಿದಿಡಲು ಯತ್ನಿಸುತ್ತದೆ, ಜೊತೆಗೆ ಲಿಥಿಯಮನ್ನೂ ಹಿಡಿದಿಡುತ್ತದೆ. ಆದ್ದರಿಂದ ವಾಂತಿಭೇದಿ, ಕಡುಬೇಸಿಗೆಯ ಬೆವರು, ನಿರ್ಜಲ ಉಪವಾಸ, ಇದ್ದಕ್ಕಿದ್ದಂತೆ ಕೈಗೊಂಡ ಉಪ್ಪಿಲ್ಲದ ಪಥ್ಯ ಇವೆಲ್ಲವೂ ಮಾತ್ರೆಯ ಪ್ರಮಾಣ ಬದಲಾಗದಿದ್ದರೂ ರಕ್ತದ ಮಟ್ಟವನ್ನು ಏರಿಸಬಲ್ಲವು. ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳು ಮತ್ತು ರಕ್ತದೊತ್ತಡಕ್ಕೆ ಕೊಡುವ ಥಯಜೈಡ್ ವರ್ಗದ ಮಾತ್ರೆಗಳಿಗೂ ಇದೇ ಪರಿಣಾಮವಿದೆ. ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆಯೇ ಅಂಗಡಿಯಿಂದ ತಂದು ನುಂಗುವ ರೂಢಿ ಇರುವೆಡೆ ಇದು ಸಣ್ಣ ಅಪಾಯವಲ್ಲ.

ಕೈಗಳ ಸಣ್ಣ ನಡುಕ, ಬಾಯಾರಿಕೆ, ಹೆಚ್ಚು ಮೂತ್ರ ವಿಸರ್ಜನೆ ಸಾಮಾನ್ಯ ಅಡ್ಡಪರಿಣಾಮಗಳು. ದೀರ್ಘಕಾಲದಲ್ಲಿ ಥೈರಾಯ್ಡ್ ಗ್ರಂಥಿ ಮತ್ತು ಮೂತ್ರಪಿಂಡಗಳ ಕಾರ್ಯ ಕುಗ್ಗಬಹುದು. ಗರ್ಭಿಣಿಯರಲ್ಲಿ ಭ್ರೂಣದ ಹೃದಯಕ್ಕೆ ಸ್ವಲ್ಪ ಅಪಾಯವಿರುವುದರಿಂದ ವಿಶೇಷ ನಿಗಾ ಬೇಕು. ನಡುಕ ಒರಟಾಗುವುದು, ಮಾತು ತೊದಲುವುದು, ನಡಿಗೆ ಓಲಾಡುವುದು, ಮಂಪರು ಇವು ವಿಷವೇರಿದ ಚಿಹ್ನೆಗಳು; ಇವನ್ನು ಮೂಲ ಕಾಯಿಲೆಯ ಲಕ್ಷಣಗಳೆಂದು ತಪ್ಪು ತಿಳಿಯುವುದುಂಟು. ಲಿಥಿಯಮ್ ವಿಷಕ್ಕೆ ನಿರ್ದಿಷ್ಟ ಪ್ರತ್ಯೌಷಧವಿಲ್ಲ. ಅದು ರಕ್ತದ ಪ್ರೋಟೀನುಗಳಿಗೆ ಅಂಟಿಕೊಳ್ಳುವುದಿಲ್ಲವಾದ್ದರಿಂದ ತೀವ್ರ ಪ್ರಕರಣಗಳಲ್ಲಿ ಡಯಾಲಿಸಿಸ್ ಮೂಲಕ ಹೊರತೆಗೆಯಲಾಗುತ್ತದೆ.